ಯಾರೂ ಕರೆಯದ ಕುರಿಗಳು

ಹೋದ ಚಳಿಗಾಲದಲ್ಲಿ ಕುಂದಗೋಳದ ಕಡೆ ಒಂದು ಸೀಮಂತಕ್ಕೆ, ನಮ್ಮ ಮಾತಿನಲ್ಲಿ ಕುಬಸಕ್ಕೆ, ಹೊರಟಿದ್ದೆ. ಊರು ಇನ್ನೂ ದೂರ ಇರುವಾಗಲೇ ಕಾರಿಗೆ ಕುರಿಹಿಂಡು ಅಡ್ಡ ಬಂತು. ಡ್ರೈವರ್ ಹುಡುಗ ಮೂಗು ಮುಚ್ಚಿಕೊಂಡು ಗಾಜು ಏರಿಸಿದ. ನಾನು ನನ್ನ ಬದಿಯ ಗಾಜನ್ನು ಪೂರ್ತಿ ಇಳಿಸಿದೆ. ಉಣ್ಣೆ, ಹಿಕ್ಕೆ, ಧೂಳು ಎಲ್ಲ ಕೂಡಿದ ಆ ವಾಸನೆ ಹಳೆಯ ಬೀಗರ ಹಾಗೆ ಕೇಳದೆ ಒಳಗೆ ಬಂದು ಕೂತಿತು.

"ವಾಸನಿ ಬರ್ತೈತ್ರಿ ಅಮ್ಮಾರ" ಎಂದ ಹುಡುಗ.

"ಬರಲಿ ಬಿಡಪಾ. ಇದರ ಸಲುವಾಗಿ ನಾ ಇಂಗ್ಲಿಷ್‌ನಾಗ ಒಮ್ಮೆ ನಪಾಸಾಗೀನಿ" ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿ ಕುರಿಗಳಿಗೆ ಹಾರ್ನು ಹೊಡೆದ. ವಯಸ್ಸಾದವರ ಜೊತೆ ವಾದ ಬೇಡ ಅಂದುಕೊಂಡಿರಬೇಕು.

ನಾನು ಹೇಳಿದ್ದು ಮಾತ್ರ ಖರೆ. ಎಂಬತ್ತರ ದಶಕದ ನಡುವಿನ ಒಂದು ವರ್ಷ. ನಾನು ಗುಡಗೇರಿಯ ಜೂನಿಯರ್ ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಅಪ್ಪನದು ಸ್ಟೇಷನ್ ರಸ್ತೆಯಲ್ಲಿ ರೈತರ ಕಾಳುಕಡಿಯನ್ನು ದಲಾಲಿಗೆ ಮಾರಿಸುವ ಅಡತಿ ಅಂಗಡಿ, ಊರ ಹೊರಗೆ ಒಂದಿಷ್ಟು ಕಪ್ಪುಮಣ್ಣಿನ ಎರಿಹೊಲ. ಇಂಗ್ಲಿಷಿನಲ್ಲಿ ನಪಾಸಾಗುವುದು ನಮ್ಮ ಕಡೆ ಆಗ ನೆಗಡಿ ಬಂದಷ್ಟೇ ಸಹಜ. ಗಂಡುಹುಡುಗರು ನಪಾಸಾದರೆ ಅಂಗಡಿಗೋ ಹೊಲಕ್ಕೋ ಹೋಗಿ, ಮನಸ್ಸು ಬಂದಾಗ ಮತ್ತೆ ಪರೀಕ್ಷೆ ಕಟ್ಟುತ್ತಿದ್ದರು. ಹುಡುಗಿಯರಿಗೆ ಆ ಸವಲತ್ತು ಇರಲಿಲ್ಲ. ನನಗಂತೂ ಇರಲೇ ಇಲ್ಲ.

ಅಣ್ಣಿಗೇರಿಯ ಸೋದರಮಾವ ತನ್ನ ಮಗನಿಗೆ ನನ್ನನ್ನು ಕೇಳಿಕೊಂಡು ಬಂದು ಹೋಗುತ್ತಲೇ ಇದ್ದ. ಹುಡುಗ ಕೆಟ್ಟವನೇನಲ್ಲ. ಹತ್ತಿ ವ್ಯಾಪಾರ, ಹೊಸ ಮೋಟರ್‌ಸೈಕಲ್, ಎಣ್ಣೆ ಹಚ್ಚಿ ಬಾಚಿದ ತಲೆ. ಅವ್ವನಿಗೆ ತವರಿನ ಮಾತು ಅಂದರೆ ವಚನ ಇದ್ದ ಹಾಗೆ. ಅಪ್ಪನಿಗೆ ಮಾತ್ರ ನನ್ನನ್ನು ಓದಿಸುವ ಆಸೆ. ಅವ್ವ, ಮಾವ ಇಬ್ಬರ ನಡುವೆ ಸಿಕ್ಕು ಕೊನೆಗೊಂದು ದಿನ ಊಟದ ಪಂಕ್ತಿಯಲ್ಲಿಯೇ ಮಾವನಿಗೆ ಹೇಳಿಬಿಟ್ಟ.

"ಗಿರಿಜಾ ಈ ವರ್ಷ ಪಾಸಾದ್ರ ಹುಬ್ಬಳ್ಳಿ ಕಾಲೇಜಿಗೆ ಹೋಗ್ತಾಳ. ನಪಾಸಾದ್ರ ನಿಮ್ಮ ಮನಿಗೆ ಬರ್ತಾಳ. ಇದು ನನ್ನ ಮಾತು."

ಅಡತಿ ಅಂಗಡಿಯವನಿಗೆ ಮಾತೇ ಬಂಡವಾಳ. ಮಾವ ತೃಪ್ತಿಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಅವನಿಗೆ ನಮ್ಮ ಕಾಲೇಜಿನ ಇಂಗ್ಲಿಷ್ ರಿಸಲ್ಟು ಚೆನ್ನಾಗಿ ಗೊತ್ತಿತ್ತು.

ಆ ವರ್ಷವೇ ದೇಸಾಯಿ ಮೇಡಂ ಇಂಗ್ಲಿಷ್ ಕಲಿಸಲಿಕ್ಕೆ ಬಂದರು. ಧಾರವಾಡದವರು, ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿದ್ದು ದಿನಾಲೂ ಪ್ಯಾಸೆಂಜರ್ ಗಾಡಿಗೆ ಬರುವರು. ಸಪೂರ ದೇಹ, ದೊಡ್ಡ ಚೀಲ, ಸ್ವಲ್ಪ ಮೂಗಿನ ಮೇಲೆ ಕೋಪ. ಅವರು ಎಂಫಿಲ್ ಮಾಡುತ್ತಿದ್ದ ವಿಷಯ ಕೇಳಿ ನಮ್ಮ ಪ್ರಿನ್ಸಿಪಾಲರಿಗೇ ನಗು ಬಂದಿತ್ತು. ಆಸ್ಟ್ರೇಲಿಯಾದ ಕವಿಗಳು, ಕಥೆಗಾರರು ತಮ್ಮ ಹಳ್ಳಿಗಾಡನ್ನು ಯಾವ ಯಾವ ಮಾತಿನಲ್ಲಿ ಕಟ್ಟಿದ್ದಾರೆ ಎಂಬುದು. ಯೋಗಾಯೋಗ ಎಂಬಂತೆ ನಮ್ಮ ಪಠ್ಯದಲ್ಲಿ ಅದೇ ದೇಶದ ಒಂದು ಪದ್ಯವಿತ್ತು. ಒಬ್ಬ ಮುದುಕ ದೊಡ್ಡ ಕುರಿಹಿಂಡು ಹೊಡೆದುಕೊಂಡು ಬಯಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತಾನೆ. ಬಿಳಿ ಕಾಂಡದ ಮರಗಳು, ಒಣಗಿದ ಹಳ್ಳ, ಮುಗಿಯದ ತಂತಿಬೇಲಿ. ಸಂಜೆ ಬೆಂಕಿ ಹಾಕಿಕೊಂಡು ಕೂತು ನಾಯಿಯ ಜೊತೆ ಮಾತಾಡುತ್ತಾನೆ. ಮರುದಿನ ಮತ್ತೆ ನಡೆಯುತ್ತಾನೆ. ಅಷ್ಟೇ ಪದ್ಯ.

ಪದ್ಯ ಶುರು ಮಾಡುವ ಮೊದಲು ಮೇಡಂ ನಮಗೊಂದು ಕೆಲಸ ಕೊಟ್ಟರು. ನಿಮ್ಮ ಊರ ಹೊಲದ ಮೇಲೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ತರಬೇಕು. ನಾವೆಲ್ಲ ತಂದೆವು. ಎಲ್ಲರ ಪುಟದಲ್ಲಿಯೂ ಒಂದು ನದಿ ಜುಳುಜುಳು ಹರಿಯುತ್ತಿತ್ತು. ಊರ ಹಿಂದೆ ಹಸಿರು ಗುಡ್ಡ, ಸಾಲು ತೆಂಗಿನಮರ, ಕೋಗಿಲೆ. ಗುಡಗೇರಿಯಲ್ಲಿ ಎಲ್ಲಿಯ ನದಿ! ಮಳೆಗಾಲದಲ್ಲಿ ಹಳ್ಳ ಬಂದರೆ ನೋಡಲಿಕ್ಕೆ ಊರೇ ಹೋಗುತ್ತಿತ್ತು. ನಾವೆಲ್ಲ ಒಂದೇ ಗೈಡಿನಿಂದ ಇಳಿಸಿದ್ದೆವು.

ಮೇಡಂ ಹಾಳೆಗಳನ್ನು ಮೇಜಿನ ಮೇಲೆ ಇಟ್ಟು, "ಇಷ್ಟು ನೀರು ಎಲ್ಲಿಂದ ತಂದ್ರಿ? ಒಂದ್ ಸ್ವಲ್ಪ ನಮ್ಮ ಪ್ಯಾಸೆಂಜರ್ ಗಾಡಿ ನಳಕ್ಕಾದ್ರೂ ಬಿಡ್ರಿ" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

"ನೀವು ಮಾಡಿದ್ದನ್ನ ಅವರೂ ಮಾಡಿದ್ರು" ಎಂದು ಶುರು ಮಾಡಿದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಆ ದೇಶಕ್ಕೆ ಹೋದವರು ತಮ್ಮ ಭಾಷೆಯ ಜೊತೆಗೆ ತಮ್ಮ ಊರಿನ ತೊರೆ, ಹುಲ್ಲುಗಾವಲು, ಹೂವಿನ ಕಾಲ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಗಿದ್ದರು. ಅಲ್ಲಿ ನೋಡಿದರೆ ಎಲ್ಲ ತಿರುವುಮುರುವು. ಜೂನಿನಲ್ಲಿ ಚಳಿ. ಮರ ಎಲೆ ಉದುರಿಸುವುದಿಲ್ಲ, ತೊಗಟೆ ಸುಲಿದುಕೊಳ್ಳುತ್ತದೆ. ಕಣ್ಣು ಹರಿಯುವಷ್ಟು ದೂರ ಸಪಾಟು ನೆಲ. ಹಾಗಾಗಿ ಮೊದಮೊದಲ ಕವಿಗಳ ಪದ್ಯದ ತುಂಬ ಬರೀ ಇಲ್ಲಗಳೇ. ಹಾಡುವ ಹಕ್ಕಿ ಇಲ್ಲ, ಹೂವಿಗೆ ವಾಸನೆ ಇಲ್ಲ, ನೆರಳು ಇಲ್ಲ, ಮನುಷ್ಯರಿಲ್ಲ.

ಮಾತಿನ ಭರದಲ್ಲಿ ಮೇಡಂ ಕಿಟಕಿಯ ಕಡೆ ಕೈ ಮಾಡಿದರು. "ಈಗ ಇಲ್ಲೇ ನೋಡ್ರಿ. ಕುಂದಗೋಳ ದಾಟಿದ ಮ್ಯಾಲೆ ಗಾಡಿ ಕಿಡಕಿಯಾಗ ನೋಡಲಿಕ್ಕೆ ಏನೂ ಇಲ್ಲ."

ನನ್ನ ನಾಲಿಗೆ ಆಗಿನಿಂದಲೂ ಹೀಗೇ. "ಮೇಡಂ, ಆ ಏನೂ ಇಲ್ಲದರಾಗ ನಮ್ಮ ಹೊಲ ಬರ್ತಾವ್ರಿ" ಎಂದುಬಿಟ್ಟೆ.

ಹುಡುಗರು ಬೆಂಚು ಕುಟ್ಟಿ ನಕ್ಕರು. ಮೇಡಂ ಮುಖ ಕೆಂಪಾಯಿತು. ಇನ್ನೇನು ಹೊರಗೆ ನಿಲ್ಲಿಸುತ್ತಾರೆ ಅಂದುಕೊಂಡೆ. ಅವರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, "ಬಾ. ಏನೇನು ಬರ್ತಾವ ಬರಿ" ಎಂದರು. ನಾನು ಸ್ಟೇಷನ್ನಿನಿಂದ ಹಿಂದಕ್ಕೆ ಲೆಕ್ಕ ಹಿಡಿದು ಬರೆದೆ. ಮಠದ ಪಟ್ಟಿ. ಹುಣಸಿಮರದ ಹೊಲ, ಅದರಲ್ಲಿ ಈಗ ಹುಣಸಿಮರ ಇಲ್ಲ. ಹಳ್ಳದ ದಂಡಿ. ಎತ್ತು ಬಿದ್ದ ಹೊಲ. ಅಕ್ಕತಂಗೇರ ಹೊಲ. ಹಿಂದಿನ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಹೊಲ ಸೇರಿಸಿದರು. ಬೋರ್ಡು ತುಂಬಿತು.

ಮೇಡಂ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಒಂದು ಮಾತು ಹೇಳಿದರು. ಆ ದೇಶದಲ್ಲಿ ಮೊದಲಿನಿಂದ ಇದ್ದ ಜನ ಬೇರೆಯೇ ಇದ್ದರು, ಅವರಲ್ಲಿ ಪ್ರತಿಯೊಂದು ಬಂಡೆಗೆ, ಪ್ರತಿಯೊಂದು ಗುಂಡಿಗೆ ಹೆಸರಿತ್ತು, ಆ ಹೆಸರುಗಳನ್ನು ಹಾಡುತ್ತ ನಡೆದರೆ ದಾರಿ ತಪ್ಪುತ್ತಿರಲಿಲ್ಲ. ಹೊಸದಾಗಿ ಬಂದವರಿಗೆ ಆ ಹಾಡು ಕೇಳಿಸಲಿಲ್ಲ. ಕೇಳಿಸದ್ದಕ್ಕೆ ಖಾಲಿ ಎಂದು ಬರೆದರು.

ಆ ದಿನದಿಂದ ನನಗೆ ಇಂಗ್ಲಿಷ್ ಪಿರಿಯಡ್ ಅಂದರೆ ಹಬ್ಬ. ಮೇಡಂ ಚೀಲದಿಂದ ಟೈಪು ಮಾಡಿದ ಬೇರೆ ಪದ್ಯಗಳನ್ನೂ ತಂದು ಓದುವರು. ಅಲ್ಲಿಯೇ ಹುಟ್ಟಿದವರು ಬರೆಯತೊಡಗಿದ ಮೇಲೆ ಬರವಣಿಗೆ ಹೇಗೆ ಬದಲಾಯಿತು ಎಂದು ತೋರಿಸುವರು. ಅವರಿಗೆ ಇಂಗ್ಲೆಂಡಿನ ತೊರೆಯ ನೆನಪೇ ಇಲ್ಲ. ಉಣ್ಣೆ ಕತ್ತರಿಸುವವರ, ದನ ಹೊಡೆಯುವವರ ಬಾಯಿಯ ಮಾತನ್ನೇ ತೆಗೆದುಕೊಂಡು ಕಥೆ ಕಟ್ಟಿದರು. ಸಣ್ಣ ಸಣ್ಣ ವಾಕ್ಯ. ಮಳೆ ಹೋದದ್ದನ್ನು ಅಳುತ್ತ ಹೇಳುವುದಿಲ್ಲ, ಒಣ ನಗೆಯಲ್ಲಿ ಹೇಳುತ್ತಾರೆ.

ಇದು ನನಗೆ ತಕ್ಷಣ ತಿಳಿಯಿತು. ಸಂತೆಯ ದಿನ ಅಪ್ಪನ ಅಂಗಡಿಯ ಕಟ್ಟೆಯಲ್ಲಿ ಇಂಥ ಮಾತೇ ನಡೆಯುತ್ತಿತ್ತು. "ಮಳಿ ಹ್ಯಾಂಗ ಕಾಕಾ ನಿಮ್ಮ ಕಡೆ?" ಎಂದು ಒಬ್ಬ ಕೇಳಿದರೆ, "ಬಂದಿತ್ತಂತಪಾ, ನಾ ಮನಿಯಾಗ ಇರಲಿಲ್ಲ" ಎಂದು ಇನ್ನೊಬ್ಬ ಎಲೆಗೆ ಸುಣ್ಣ ಹಚ್ಚುವನು. ಇದನ್ನು ಮೇಡಂಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು ಬರೆದುಕೊಂಡರು.

ಹೊಲದ ಪುಟವನ್ನು ಎರಡನೆಯ ಸಲ ಬರೆದೆವು. ಈ ಸಲ ನದಿ ಹರಿಯಲಿಲ್ಲ. ಬೇಸಿಗೆಯಲ್ಲಿ ನಮ್ಮ ಹೊಲ ಬಾಯಿ ಬಿಡುತ್ತದೆ, ಕುಡುಗೋಲು ಬಿದ್ದರೆ ನುಂಗಿಬಿಡುತ್ತದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬರೆದಿದ್ದೆ. ಮೇಡಂ ಆ ಸಾಲಿನ ಕೆಳಗೆ ಮೆಚ್ಚಿಗೆಯ ಗೆರೆ ಎಳೆದು, ಪಕ್ಕದಲ್ಲಿ ವ್ಯಾಕರಣದ ತಪ್ಪುಗಳನ್ನೂ ಬಿಡದೆ ತಿದ್ದಿದ್ದರು. ಹೊಗಳಿಕೆ ಮತ್ತು ಕೆಂಪು ಶಾಯಿ ಎರಡನ್ನೂ ಒಟ್ಟಿಗೆ ಕೊಡುವ ಜಾತಿ ಅವರದು.

ಸುಗ್ಗಿ ಮುಗಿದು ಜೋಳದ ಹೊಲಗಳು ಬರಿದಾದಾಗ ಕುರಿಗಳು ಬಂದವು. ಪ್ರತಿ ವರ್ಷ ಬರುತ್ತಿದ್ದವು. ನಮ್ಮ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವುದು ಒಂದು ಪದ್ಧತಿ. ಹಿಂಡು ರಾತ್ರಿ ಹೊಲದಲ್ಲಿ ಮಲಗಿದರೆ ಅದರ ಹಿಕ್ಕೆ, ಮೂತ್ರ ಭೂಮಿಗೆ ಬಿದ್ದು ಮುಂದಿನ ಬೆಳೆಗೆ ಗೊಬ್ಬರ. ಆದರೆ ಕುರಿಗಾರ ತಾನಾಗಿ ಬಂದು ನಿಲ್ಲುವುದಿಲ್ಲ. ಹೊಲದವನು ಎಲೆ ಅಡಿಕೆ ಹಿಡಿದುಕೊಂಡು ಹೋಗಿ ಕರೆಯಬೇಕು. ಕರೆದವನು ಜೋಳ ಕೊಡಬೇಕು, ಹಿಂಡು ಇರುವಷ್ಟು ದಿನ ಮನೆಯಿಂದ ಬುತ್ತಿ ಕಳಿಸಬೇಕು. ಒಳ್ಳೆಯ ಹಿಂಡಿಗೆ ಊರಲ್ಲಿ ಪೈಪೋಟಿ. ಅಪ್ಪ ಕುರಿಗಾರ ಬೀರಪ್ಪನನ್ನು ಕರೆಯಲಿಕ್ಕೆ ಹೋಗುವಾಗ ಹೊಸ ರುಮಾಲು ಸುತ್ತಿಕೊಂಡೇ ಹೋಗುತ್ತಿದ್ದ.

ಒಂದು ಶನಿವಾರ ಬೆಳಗಿನ ಕಾಲೇಜು ಮುಗಿದ ಮೇಲೆ ಬುತ್ತಿ ಒಯ್ಯುವ ಪಾಳಿ ನನ್ನದು. ಗಾಡಿಗೆ ಇನ್ನೂ ಹೊತ್ತಿತ್ತು, ಮೇಡಂ ಕೂಡ ಬಂದರು. ಹೊಲದ ತುಂಬ ಕುರಿ. ಬೀರಪ್ಪ ರೊಟ್ಟಿಯ ಗಂಟು ಬಿಚ್ಚಿ, "ಅಕ್ಕಾರ, ನೀವೂ ಕುಂದರ್ರಿ, ಝುಣಕ ಐತಿ" ಎಂದು ಮೇಡಂಗೆ ಕಂಬಳಿ ಹಾಸಿದ. ಮೇಡಂ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ತಿನ್ನುತ್ತ ಸುತ್ತಲೂ ನೋಡುತ್ತಿದ್ದರು. ಬೀರಪ್ಪ ಮುಂದೆ ಯಾರ ಯಾರ ಹೊಲಕ್ಕೆ ಹೋಗಬೇಕು, ಯಾರು ಕರೆದಿದ್ದಾರೆ, ಯಾರ ಮನೆಯ ಹಿಂಡಿಪಲ್ಯ ಚೆನ್ನಾಗಿರುತ್ತದೆ ಎಂದು ಹೇಳುತ್ತಲೇ ಇದ್ದ. ಒಂದು ಕುರಿಮರಿ ಮೇಡಂ ಚೀಲದ ಹಗ್ಗ ಅಗಿಯುತ್ತಿತ್ತು.

"ಆ ಪದ್ಯದ ಮುದುಕಗ ಇಂಥಾ ಊಟ ಸಿಗಲಿಲ್ಲ ನೋಡು" ಎಂದರು ಮೇಡಂ, ವಾಪಸು ಬರುವಾಗ. ಹೇಳಿ ಅವರು ಮರೆತರು. ನಾನು ಮರೆಯಲಿಲ್ಲ.

ಏಪ್ರಿಲಿನ ಪರೀಕ್ಷೆಯಲ್ಲಿ ಆ ಪದ್ಯದ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ಮುದುಕ ಕುರುಬನ ಒಂಟಿತನವನ್ನು ಕವಿ ಹೇಗೆ ಚಿತ್ರಿಸಿದ್ದಾನೆ? ಮೇಡಂ ಕೊಟ್ಟ ನೋಟ್ಸು ನನಗೆ ಬಾಯಿಪಾಠ. ವಿಶಾಲವಾದ ಬಯಲು, ಬರಗಾಲ, ಬೇಲಿಯ ಸಂಕೇತ, ಬಿಳಿಮರಗಳ ಉಪಮೆ. ಮೊದಲ ಸಾಲು ಬರೆದೆ. ಎರಡನೆಯ ಸಾಲಿಗೆ ಪೆನ್ನು ನಿಂತಿತು. ಬಯಲು ದೊಡ್ಡದಾದರೆ ಮನುಷ್ಯ ಒಂಟಿಯಾಗುತ್ತಾನೆಯೇ? ನಮ್ಮ ಬಯಲೇನು ಸಣ್ಣದೇ? ಬೀರಪ್ಪ ವರ್ಷದಲ್ಲಿ ಎಂಟು ತಿಂಗಳು ಬಯಲಿನಲ್ಲಿಯೇ ಇರುತ್ತಾನೆ. ಅವನನ್ನು ಒಂಟಿ ಎಂದು ಯಾರಾದರೂ ಅಂದರೆ ಅವನೇ ನಗುತ್ತಾನೆ.

ಆಗ ನನಗೆ ಮುದುಕನ ದುಃಖ ತಿಳಿದುಹೋಯಿತು. ಅಷ್ಟು ಹೊಲ ದಾಟಿ ಹೋಗುತ್ತಾನೆ, ಒಬ್ಬರೂ ಅವನ ಕುರಿಗಳನ್ನು ಕರೆಯುವುದಿಲ್ಲ. ಎಲೆ ಅಡಿಕೆ ಹಿಡಿದು ಯಾರೂ ಬರುವುದಿಲ್ಲ. ಕರೆಯುವುದು ಹಾಗಿರಲಿ, ಕುರಿ ಒಳಗೆ ಬರಬಾರದೆಂದು ತಂತಿ ಕಟ್ಟಿದ್ದಾರೆ. ತನ್ನ ಕುರಿಗಳನ್ನು ಎಲ್ಲರೂ ಬೇಡ ಅಂದಮೇಲೆ ಮನುಷ್ಯ ನಾಯಿಯ ಜೊತೆ ಮಾತಾಡದೆ ಇನ್ನೇನು ಮಾಡುತ್ತಾನೆ? ನಾನು ಇದನ್ನೇ ಬರೆದೆ. ಪುಟ ಸಾಲದೆ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ಹೊರಗೆ ಬರುವಾಗ ಅಷ್ಟು ಖುಷಿಯಾಗಿತ್ತು, ಊಟ ಮಾಡಿದಷ್ಟು.

ಅಂಗಡಿಯಲ್ಲಿ ಅಪ್ಪ ಕೇಳಿದ, "ಹ್ಯಾಂಗಾತವಾ ಪೇಪರ್?" ನಾನು ಅವನ ಬಾಜು ಗೋಣಿಚೀಲದ ಮೇಲೆ ಕೂತು ಇಡೀ ಪದ್ಯವನ್ನು ನಮ್ಮ ಮಾತಿನಲ್ಲಿ ಹೇಳಿದೆ. ನಾನು ಬರೆದ ಉತ್ತರವನ್ನೂ ಹೇಳಿದೆ. ಅಪ್ಪ ತಕ್ಕಡಿ ಬಿಟ್ಟು ಕೇಳಿದ.

"ಅಲ್ಲೆ ಒಬ್ಬರೂ ಕರೀಲಿಲ್ಲ?"

"ಇಲ್ಲಪಾ."

"ಎಂಥಾ ಮಂದಿಲೇ ಅವರು" ಎಂದು ಬಹಳ ಹೊತ್ತು ತಲೆ ಅಲ್ಲಾಡಿಸಿದ.

ರಿಸಲ್ಟು ಬಂತು. ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ನಪಾಸು. ಆ ಒಂದು ಉತ್ತರದಿಂದಲೇ ಹೋಯಿತು ಎಂದು ಆಣೆ ಮಾಡಿ ಹೇಳಲಾರೆ, ವ್ಯಾಕರಣದಲ್ಲಿ ನಾನೇನು ಪಂಡಿತೆಯಲ್ಲ. ಆದರೆ ಪದ್ಯದಲ್ಲಿ ಇಲ್ಲದ್ದನ್ನು ಎರಡು ಪುಟ ಬರೆದವಳಿಗೆ ಯಾರು ಅಂಕ ಕೊಡುತ್ತಾರೆ? ಮುಂದೆ ನಾನೇ ಇಂಗ್ಲಿಷ್ ಶಿಕ್ಷಕಿಯಾಗಿ ಪೇಪರು ತಿದ್ದಿದೆ. ನಾನೂ ಕೊಡುತ್ತಿರಲಿಲ್ಲವೇನೋ.

ಆ ದಿನ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ತಲೆ ಸವರಿದಳು, ಆದರೆ ನನ್ನ ಮದುವೆಗೆಂದು ಇಟ್ಟ ಸೀರೆಗಳ ಟ್ರಂಕು ತೆಗೆದು ಬಿಸಿಲಿಗೆ ಹಾಕುವುದನ್ನೂ ಬಿಡಲಿಲ್ಲ. ಸುದ್ದಿ ಅಣ್ಣಿಗೇರಿ ಮುಟ್ಟಿ, ಮಾವ ಬಾಳೆಹಣ್ಣಿನ ಗೊನೆಯ ಸಮೇತ ಬಂದ.

ಅದೇ ದಿನ ಮಧ್ಯಾಹ್ನ ದೇಸಾಯಿ ಮೇಡಂ ಕೂಡ ಗಾಡಿ ಇಳಿದು ನೇರವಾಗಿ ನಮ್ಮ ಅಂಗಡಿಗೆ ಬಂದರು. ರಜೆಯಲ್ಲಿದ್ದವರು ಸುದ್ದಿ ತಿಳಿದು ಬಂದಿದ್ದರು. ನನ್ನನ್ನು ಕರೆಸಿ ಏನು ಬರೆದೆ ಎಂದು ಕೇಳಿದರು. ಹೇಳಿದೆ. ಕಣ್ಣುಮುಚ್ಚಿ ಕೇಳಿ, ಹಣೆಗೆ ಕೈ ಹಚ್ಚಿಕೊಂಡರು.

ಅಪ್ಪ ಕೇಳಿದ, "ಅಕಿ ಬರದದ್ದು ತಪ್ಪೇನ್ರಿ ಮೇಡಂ?"

"ತಪ್ಪ ಅದರಿ. ಆ ಪದ್ಯದಾಗ ಅದು ಇಲ್ಲ. ಆ ದೇಶದಾಗ ಹಂಗ ಕರಿಯೂ ಪದ್ಧತಿನ ಇಲ್ರಿ. ಅಕಿ ನಿಮ್ಮ ಹೊಲಾನ ಎತ್ತಿಕೊಂಡು ಹೋಗಿ ಅಲ್ಲೆ ಇಟ್ಟಾಳ." ಚೀಲ ಕೆಳಗಿಟ್ಟು ಮತ್ತೆ ಹೇಳಿದರು. "ಆದ್ರ ರಾಯರ, ಪದ್ಯ ಓದಿ ಆ ಮುದುಕನ ಸಲುವಾಗಿ ಇಷ್ಟು ವಿಚಾರ ಮಾಡಿದ ಹುಡುಗಿ ನನಗ ಇನ್ನೊಬ್ಬಾಕಿ ಸಿಕ್ಕಿಲ್ಲ. ಇಕಿ ಓದಬೇಕ್ರಿ."

ಮಾವ ಬಾಳೆಹಣ್ಣು ಸುಲಿಯುತ್ತ, "ಓದೂದೆಲ್ಲ ಆತಲ್ರಿ. ಭಾವನವರು ಮಾತು ಕೊಟ್ಟಾರ" ಎಂದ.

ಅಪ್ಪ ತೂಕದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ನಾನು ಅಂಗಡಿಯ ಬಾಗಿಲ ಹಿಂದೆ ಸರಿದು ನಿಂತಿದ್ದೆ. ಅವನು ಮಾತು ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈಗಲೂ ತಪ್ಪುವುದಿಲ್ಲ ಎಂದು ಗೊತ್ತಿತ್ತು. ಅದೇ ನನ್ನ ಹೆದರಿಕೆ.

"ಮಾತು ಕೊಟ್ಟದ್ದು ಖರೇನ" ಎಂದ ಅಪ್ಪ ನಿಧಾನವಾಗಿ. "ಈ ವರ್ಷ ನಪಾಸಾದ್ರ ಅಂದಿದ್ದೆ. ಮೇಡಂ, ಮತ್ತೊಮ್ಮೆ ಪರೀಕ್ಷಾ ಯಾವಾಗ ಐತ್ರಿ?"

"ಅಕ್ಟೋಬರ್‌ದಾಗ ಅದರಿ."

ಅಪ್ಪ ಮಾವನ ಕಡೆ ತಿರುಗಿದ. "ಮುಂಗಾರಿ ಹೆಸರಕಾಳು ಹೋತು ಅಂದಕೂಡ್ಲೆ ವರ್ಷದ ಪೀಕೆಲ್ಲಾ ಹೋತು ಅಂತೀರೇನು ನೀವು? ಹಿಂಗಾರಿ ಜ್ವಾಳ ಇನ್ನ ಬಿತ್ತಬೇಕು. ಅದನ್ನ ನೋಡಿ ವರ್ಷ ಹ್ಯಾಂಗಿತ್ತು ಅಂತ ಹೇಳೂಣು."

ಎರಿಹೊಲದ ಕಡೆಯವನಿಗೆ ಈ ಲೆಕ್ಕ ಗೊತ್ತಿದ್ದದ್ದೇ. ಮಾವ ಅರ್ಧ ಸುಲಿದ ಬಾಳೆಹಣ್ಣನ್ನು ಗೊನೆಯ ಪಕ್ಕಕ್ಕೆ ಇಟ್ಟ. ಕೊನೆಗೆ, "ಆತು, ಹಿಂಗಾರಿ ನೋಡೂಣು" ಎಂದ.

ಮೇಡಂ ಆ ಮಳೆಗಾಲವೆಲ್ಲ ಕಾಲೇಜು ಬಿಟ್ಟ ಮೇಲೆ ನನ್ನನ್ನು ಸ್ಟೇಷನ್ನಿನ ಬೆಂಚಿನಲ್ಲಿ ಕೂಡಿಸಿಕೊಂಡು ಗಾಡಿ ಬರುವವರೆಗೆ ಕಲಿಸಿದರು. ಈ ಸಲ ಬೇರೆ ಪದ್ಯ ತರಲಿಲ್ಲ, ಕಥೆ ಹೇಳಲಿಲ್ಲ. ಬರೀ ವ್ಯಾಕರಣ, ಬರೀ ನೋಟ್ಸು. "ಕೇಳಿದ್ದಕ್ಕಷ್ಟ ಉತ್ತರ ಬರಿ. ಉಳಿದದ್ದು ಪಾಸಾದ ಮ್ಯಾಲೆ" ಎಂದು ಪ್ರತಿದಿನ ಹೇಳುವರು. ಹೇಳುವಾಗ ಹಳಿಗಳ ಕಡೆ ನೋಡುವರು, ನನ್ನ ಮುಖ ನೋಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದೆ. ದಾರಿಯುದ್ದಕ್ಕೂ ಜೋಳ ಬಿತ್ತುವ ಕೂರಿಗೆಗಳು ಓಡಾಡುತ್ತಿದ್ದವು. ಅದೇ ಪದ್ಯ ಬಂದಿತ್ತು, ಪ್ರಶ್ನೆ ಬೇರೆ. ಪದ್ಯದಲ್ಲಿ ಬರುವ ಬಯಲನ್ನು ವರ್ಣಿಸಿರಿ. ನಾನು ಒಂದು ಕ್ಷಣವೂ ನಿಲ್ಲಲಿಲ್ಲ. ಬಯಲು ವಿಶಾಲವಾಗಿದೆ, ಬರಿದಾಗಿದೆ, ಅಲ್ಲಿ ಯಾರೂ ಇಲ್ಲ ಎಂದು ನೋಟ್ಸಿನಲ್ಲಿ ಇದ್ದ ಹಾಗೆಯೇ ಬರೆದೆ. ಒಂದು ಸ್ಪೆಲಿಂಗೂ ತಪ್ಪಲಿಲ್ಲ. ಹೆಚ್ಚಿನ ಹಾಳೆಯೂ ಬೇಕಾಗಲಿಲ್ಲ.

ಪಾಸಾದೆ. ಒಳ್ಳೆಯ ಅಂಕಗಳೇ ಬಂದವು. ಸುದ್ದಿ ತಂದಾಗ ಅಪ್ಪ ಅಂಗಡಿಯ ಮುಂದೆ ನಿಂತವರಿಗೆಲ್ಲ ಬೆಲ್ಲ ಹಂಚಿದ. ಮಾವನಿಗೆ ಹೇಳಿ ಕಳಿಸಿದ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಹಲಗೆಗಳನ್ನು ಜೋಡಿಸುತ್ತ ಕೇಳಿದ.

"ಈ ಸಲ ಏನ ಬರದಿವಾ ಆ ಪದ್ಯಕ್ಕ?"

"ಬಯಲು ಖಾಲಿ ಐತಿ, ಅಲ್ಲೆ ಯಾರೂ ಇಲ್ಲ ಅಂತ ಬರದೆ."

"ಮತ್ತ ಆ ಮುದುಕ?"

"ಅವನ ಬಗ್ಗೆ ಕೇಳಿರಲಿಲ್ಲಪಾ."

ಅಪ್ಪ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟು ಊರ ಹೊರಗಿನ ಹೊಲಗಳ ಕಡೆ ನೋಡಿದ. ಆಮೇಲೆ, "ಹೂಂ, ಪಾಸಾದಿ. ಛಲೋ ಆತು" ಎಂದು ಹಲಗೆ ಕೂಡಿಸಿ ಬೀಗ ಹಾಕಿದ.